ಹೆಸರು ಕರೆಯುವ ಮೊದಲು ಸಿನಿಮಾ ತೋರಿಸಿ

ಕೊಪ್ಪಳದಲ್ಲಿ ನಾವು ಕೆಲವು ಗೆಳೆಯರು ಸೇರಿ ನಮ್ಮ ಭಾಗದ ಭಾಷೆಗಳ ಕಿರುಚಿತ್ರಗಳಿಗೆ ಪ್ರಶಸ್ತಿ ಕೊಡುತ್ತ ಬಂದಿದ್ದೇವೆ. ಕಾರ್ಯಕ್ರಮ ಹೊಂದಿಸುವುದು, ನಿರೂಪಣೆ ಎರಡೂ ನನ್ನ ಪಾಲಿಗೆ. ಶಾಲು, ಹಾರ, ಭಾಷಣದಲ್ಲೇ ಸಂಜೆ ಕಳೆದು, ಗೆದ್ದ ಚಿತ್ರ ಎಂಥದ್ದೆಂದು ಸಭಿಕರಿಗೆ ಗೊತ್ತೇ ಆಗದ ಸಮಾರಂಭಗಳನ್ನು ಬೇಕಾದಷ್ಟು ನೋಡಿದ್ದೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ: ಹೆಸರು ಕರೆಯುವ ಮೊದಲು ಆ ಚಿತ್ರದ ದೃಶ್ಯವೊಂದು ಪರದೆ ಮೇಲೆ ಬರಲೇಬೇಕು. ಧ್ವನಿಗ್ರಹಣಕ್ಕೆ ಪ್ರಶಸ್ತಿಯೆಂದರೆ ಮಾತು ಕಡಿಮೆಯಿದ್ದು ಸುತ್ತಲ ಸದ್ದೇ ಕಥೆ ಹೇಳುವ ಭಾಗವನ್ನು ಆರಿಸುತ್ತೇನೆ. ಅತಿಥಿಗಳಿಗೆ ವೇದಿಕೆ ಮೇಲೆ ಕುರ್ಚಿಯಿಲ್ಲ, ಅವರೂ ಮುಂದಿನ ಸಾಲಲ್ಲಿ ಕೂತು ನೋಡಬೇಕು. ಇದಕ್ಕೆ ಮುನಿಸಿಕೊಂಡವರಿದ್ದಾರೆ. ನಾನು ಬಗ್ಗಿಲ್ಲ.

ಆರಂಭದಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಚಿತ್ರವೊಂದರ ತುಣುಕನ್ನು ಅನುಮತಿ ಪಡೆದು ಹಾಕುತ್ತೇವೆ. ಒಮ್ಮೆ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಆರಿಸಿದ್ದೆ. 2001ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಚಿತ್ರ, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ಆಗ ಪ್ರಶಸ್ತಿ ಬಂದಿತ್ತು. ಅಣೆಕಟ್ಟಿನ ನೀರು ಏರುತ್ತಿದ್ದರೂ ನೆಲ ಬಿಡದ ಸಂಸಾರದ ಕಥೆ. ಆ ಮನೆಯ ಹೆಣ್ಣು ನಾಗಿಯ ಪಾತ್ರ ಮಾಡಿದವರು ನಿರ್ಮಾಪಕಿ ಸೌಂದರ್ಯ ಅವರೇ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಇರುವುದು ನಮ್ಮ ಜಿಲ್ಲೆಯಲ್ಲೇ. ಮಲೆನಾಡಿನ ಮಳೆ ನೋಡುತ್ತ ಸಭೆ ತನ್ನ ಕಥೆಯನ್ನೇ ನೋಡತೊಡಗಿತು. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ನಿಂತ. “ತಂಗೀ, ನಮ್ಮೂರೂ ಹಿಂಗ ನೀರಾಗ ಹೋತವಾ. ನಮ್ಮಪ್ಪ ಬಾಗಲಾ ಕಿತ್ತು ಬಂಡಿ ಮ್ಯಾಲೆ ಹೇರಿಕೊಂಡು ಬಂದಿದ್ದ.” ಮೈಕನ್ನು ಅವನ ಕೈಗೇ ಕೊಟ್ಟೆ. ಸಮಯಪಟ್ಟಿ ತಪ್ಪಿತು, ತಪ್ಪಲಿ. ಅವತ್ತು ಅದಕ್ಕಿಂತ ದೊಡ್ಡ ವಿಮರ್ಶೆ ಯಾರೂ ಮಾಡಲಿಲ್ಲ.

ಭಾಷೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ತಾಂಡಾದ ಹುಡುಗರು ಲಂಬಾಣಿಯಲ್ಲಿ ಚಿತ್ರ ಮಾಡಿ ತಂದಾಗ ತೀರ್ಪುಗಾರರಲ್ಲಿ ಆ ಭಾಷೆ ಬಲ್ಲವರೊಬ್ಬರು ಇರಲೇಬೇಕೆಂದು ಹಟ ಹಿಡಿದೆ. ಅಡಿಬರಹ ಓದಿ ಕಥೆ ತಿಳಿಯಬಹುದು, ನಟಿ ಮಾತನ್ನು ಎಲ್ಲಿ ನುಂಗಿಕೊಂಡಳು ಎಂಬುದು ಕಿವಿಗೇ ಗೊತ್ತಾಗಬೇಕು. ‘ಸಣ್ಣ ಭಾಷೆಗೆ ಸಮಾಧಾನಕರ ಬಹುಮಾನ ಸಾಕು’ ಅನ್ನುವವರಿಗೆ ನಾನು 2011ರ ಸಾಲಿನ ರಾಷ್ಟ್ರಪ್ರಶಸ್ತಿ ನೆನಪಿಸುತ್ತೇನೆ. ಭಾಷೆಗಳ ಪಟ್ಟಿಯಿರುವ ಸಂವಿಧಾನದ 8ನೇ ಅನುಸೂಚಿಯಲ್ಲೇ ಇಲ್ಲದ, ಕರಾವಳಿಯ ಬ್ಯಾರಿ ಭಾಷೆಯ ‘ಬ್ಯಾರಿ’, ಮರಾಠಿಯ ‘ದೇವೂಳ್’ ಜೊತೆ ದೇಶದ ಅತ್ಯುತ್ತಮ ಚಿತ್ರವಾಯಿತು.

ನೆನಪಿನ ಕಾಣಿಕೆಯನ್ನು ಅಂಗಡಿಯಿಂದ ತರುವುದಿಲ್ಲ. ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ನಮ್ಮ ಪಕ್ಕದಲ್ಲೇ ಇದೆ. ಚಿತ್ರಗಾರರ ಮನೆಯಲ್ಲಿ ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಕೊಟ್ಟು ಮಾಡಿಸುತ್ತೇವೆ. ಒಣಗಲು ಬಿಸಿಲು ಬೇಕು, ಮೋಡವಿದ್ದರೆ ಕೆಲಸ ನಿಲ್ಲುತ್ತದೆ. ಆದ್ದರಿಂದ ಮಾಡಿಕೊಡಲು ಬೇಗ ಹೇಳಬೇಕು, ಮುಂಗಡವನ್ನೂ ಬೇಗ ಕೊಡಬೇಕು.

ನಿಮ್ಮೂರಲ್ಲಿ ಇಂಥದ್ದು ಮಾಡುವವರಿಗೆ ಒಂದು ಮಾತು: ಚಿತ್ರಗಳ ಕಡತ ಕೈಗೆ ಬಂದ ದಿನವೇ ಸಭಾಂಗಣದ ಪ್ರೊಜೆಕ್ಟರಿನಲ್ಲಿ ಹಾಕಿ, ಕೊನೆಯ ಸಾಲಲ್ಲಿ ಕೂತು ನೋಡಿ. ಅಡಿಬರಹ ಅಲ್ಲಿಂದ ಓದಲು ಬರದಿದ್ದರೆ ಅಕ್ಷರ ದೊಡ್ಡದು ಮಾಡಿ ಕಳಿಸುವಂತೆ ನಿರ್ದೇಶಕರಿಗೆ ಅಂದೇ ಫೋನ್ ಮಾಡಿ.