ಗಲ್ಫ್ ನೌಕರಿಗೆ ಹೊರಟಿದ್ದೀರಾ? ಇನ್ಶೂರೆನ್ಸ್ ಲೆಕ್ಕ ಹೀಗೆ ಹಾಕಿ

ಸವಣೂರಿರಲಿ, ಲಕ್ಷ್ಮೇಶ್ವರವಿರಲಿ, ಹಳೇ ಹುಬ್ಬಳ್ಳಿಯಿರಲಿ, ಗಲ್ಫಿಗೆ ಹೊರಟವರಿಗೆ ಏಜೆಂಟ್ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ರೂಮ್, ಊಟ, ಇನ್ಶೂರೆನ್ಸ್ ಎಲ್ಲಾ ಕಂಪನೀದ ರೀ, ಚಿಂತಿ ಮಾಡಬ್ಯಾಡ್ರಿ.’ ಸುಳ್ಳೇನಲ್ಲ. ಆದರೆ ಯಾವ ಇನ್ಶೂರೆನ್ಸ್, ಯಾರಿಗೆ, ಎಷ್ಟರವರೆಗೆ ಅಂತ ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಸಂಬಳ ಎಷ್ಟು ಅಂತ ಕೇಳಿದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಿ. ಅದೂ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು.

ಮೊದಲು ಆ ಕಾಗದ ತರಿಸಿಕೊಳ್ಳಿ

ಕಂಪನಿಯವರ ಹತ್ತಿರ ‘ಟೇಬಲ್ ಆಫ್ ಬೆನಿಫಿಟ್ಸ್’ ಕಳಿಸಿ ಅನ್ನಿ. ಯಾವ ಚಿಕಿತ್ಸೆಗೆ ಎಷ್ಟು ಸಿಗುತ್ತದೆ ಅನ್ನುವ ಪಟ್ಟಿ ಅದು. ವಾಟ್ಸಾಪ್‌ನಲ್ಲಿ ಬಂದರೂ ಸಾಕು. ಅದರಲ್ಲಿ ವರ್ಷದ ಒಟ್ಟು ಮಿತಿಯನ್ನು ಎಲ್ಲರೂ ನೋಡುತ್ತಾರೆ. ದುಬೈನ ಕಡ್ಡಾಯ ಮೂಲ ಪ್ಲಾನ್‌ನಲ್ಲಿ ಅದು 1,50,000 ದಿರ್ಹಮ್. ದೊಡ್ಡ ಅಂಕಿ ನೋಡಿ ಸಮಾಧಾನಪಟ್ಟು ಕಾಗದ ಮಡಚಿಡಬೇಡಿ. ನಿಮ್ಮ ಜೇಬಿಗೆ ಕತ್ತರಿ ಹಾಕುವುದು ಕೆಳಗಿನ ಸಣ್ಣ ಸಾಲುಗಳು: ಕೋ-ಪೇ (ಬಿಲ್ಲಿನಲ್ಲಿ ನೀವು ಕೊಡಬೇಕಾದ ಪಾಲು), ಔಷಧದ ಮಿತಿ, ಯಾವ ಆಸ್ಪತ್ರೆಗಳು ಲಿಸ್ಟಿನಲ್ಲಿವೆ, ಯಾವ ದೇಶದಲ್ಲಿ ನಡೆಯುತ್ತದೆ.

ಒಂದು ಲೆಕ್ಕ ಹಾಕಿಯೇ ಬಿಡೋಣ. ಯುಎಇಯಲ್ಲೇ ದುಬೈ ಬಿಟ್ಟು ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ ಕಡೆ 2025ರ ಜನವರಿ 1ರಿಂದ ಖಾಸಗಿ ಕಂಪನಿಯ ನೌಕರರಿಗೂ ಮನೆಗೆಲಸದವರಿಗೂ ಇನ್ಶೂರೆನ್ಸ್ ಕಡ್ಡಾಯವಾಗಿದೆ. ಅಲ್ಲಿ ಮೂಲ ಪ್ಯಾಕೇಜು ಜಾರಿಗೆ ಬಂದದ್ದು ವರ್ಷಕ್ಕೆ 320 ದಿರ್ಹಮ್‌ಗೆ. ಅದನ್ನು ಕಂಪನಿಯೇ ಕಟ್ಟಬೇಕು. ಆಸ್ಪತ್ರೆಗೆ ಸೇರಿದರೆ ಬಿಲ್ಲಿನ ಶೇ 20 ನಿಮ್ಮದು, ಆದರೆ ಒಮ್ಮೆಗೆ 500, ವರ್ಷಕ್ಕೆ 1,000 ದಿರ್ಹಮ್ ದಾಟುವಂತಿಲ್ಲ. ಅಪೆಂಡಿಕ್ಸ್ ಆಪರೇಷನ್‌ಗೆ 8,000 ದಿರ್ಹಮ್ ಬಿಲ್ ಆಯಿತು ಅನ್ನಿ. ಶೇ 20 ಅಂದರೆ 1,600. ನೀವು ಕೊಡುವುದು 500 ಮಾತ್ರ. ಪರವಾಗಿಲ್ಲ ಅಲ್ವಾ?

ಈಗ ಶುಗರ್ ಮಾತ್ರೆ ನೋಡಿ. ಔಷಧಕ್ಕೆ ವರ್ಷದ ಮಿತಿ 1,500 ದಿರ್ಹಮ್, ಅದರಲ್ಲೂ ಶೇ 30 ನಿಮ್ಮದು. ತಿಂಗಳಿಗೆ 250 ದಿರ್ಹಮ್ ಔಷಧ ಬೇಕಾದವರಿಗೆ ಬಿಲ್ಲಿನ ಲೆಕ್ಕದಲ್ಲಿ ಆ ಮಿತಿ ಆರೇ ತಿಂಗಳಿಗೆ ಮುಗಿಯಿತು. ಮೊದಲ ಆರು ತಿಂಗಳಿಗೆ 450, ಆಮೇಲಿನ ಆರು ತಿಂಗಳಿಗೆ ಪೂರ್ತಿ 1,500. ಒಟ್ಟು 1,950 ದಿರ್ಹಮ್ ಕೈಯಿಂದ ಹೋಗುತ್ತದೆ. ಅಂದರೆ ಆಪರೇಷನ್‌ಗಿಂತ ದಿನದ ಮಾತ್ರೆಯೇ ದುಬಾರಿ. ಬಿಪಿ, ಶುಗರ್, ಥೈರಾಯ್ಡ್ ಇದ್ದವರು ಎಲ್ಲಕ್ಕಿಂತ ಮೊದಲು ಔಷಧದ ಸಾಲು ಓದಬೇಕು ಅನ್ನುವುದು ಇದಕ್ಕೇ. ಎರಡು ಆಫರ್ ಕೈಯಲ್ಲಿದ್ದು ಸಂಬಳದ ವ್ಯತ್ಯಾಸ ತಿಂಗಳಿಗೆ ನೂರು ದಿರ್ಹಮ್ ಅಷ್ಟೇ ಆಗಿದ್ದರೆ, ಇನ್ಶೂರೆನ್ಸ್ ಚೆನ್ನಾಗಿರುವುದನ್ನೇ ನಾನಾದರೆ ಆರಿಸುತ್ತೇನೆ.

ಹಲ್ಲು, ಕನ್ನಡಕ ಮೂಲ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯುಎಇ ಕಾನೂನಿನ ಪ್ರಕಾರ ಕಂಪನಿಯದು.

ಹೆಂಡತಿ ಮಕ್ಕಳು ಜೊತೆಗಿದ್ದರೆ

ದುಬೈನಲ್ಲಿ ಕಂಪನಿಗೆ ಕಡ್ಡಾಯ ನಿಮ್ಮೊಬ್ಬರ ಇನ್ಶೂರೆನ್ಸ್ ಮಾತ್ರ. ಮನೆಯವರದನ್ನು ಅವರ ವೀಸಾ ಮಾಡಿಸುವ ನೀವೇ ಕಟ್ಟಬೇಕು. ಸೌದಿಯಲ್ಲಿ ಜೊತೆಗಿರುವ ಕುಟುಂಬದ್ದೂ ಕಂಪನಿಯ ಜವಾಬ್ದಾರಿ. ಧಾರವಾಡದಿಂದ ಇಂಗ್ಲೆಂಡಿಗೆ ಹೊರಟವರ ಲೆಕ್ಕವೇ ಬೇರೆ: ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕ), ಅದೂ ವೀಸಾ ಅವಧಿಯಷ್ಟನ್ನೂ ಮುಂಗಡವಾಗಿ. ಹೆಲ್ತ್ ಆ್ಯಂಡ್ ಕೇರ್ ವರ್ಕರ್ ವೀಸಾದ ಮೇಲೆ ಹೋಗುವ ನರ್ಸ್‌ಗಳಿಗೆ ಅದು ಇಲ್ಲ.

ಊರಿನ ಪಾಲಿಸಿ ಬಿಡಬೇಡಿ

ಇಲ್ಲೇ ಬಹಳ ಜನ ಎಡವುವುದು. ‘ಅಲ್ಲಿ ಇನ್ಶೂರೆನ್ಸ್ ಐತಲ್ಲ, ಇಲ್ಲಿದ್ದು ಯಾಕ ಸುಮ್ನೆ ಕಟ್ಟಬೇಕು?’ ಅಂತ ಇದ್ದ ಪಾಲಿಸಿಯನ್ನೂ ನಿಲ್ಲಿಸಿಬಿಡುತ್ತಾರೆ. ಕಂಪನಿಯ ಇನ್ಶೂರೆನ್ಸ್ ಕೆಲಸ ಇರುವವರೆಗೆ ಮಾತ್ರ. ನಲವತ್ತೈದಕ್ಕೆ ಶುಗರ್ ಹಚ್ಚಿಕೊಂಡು ವಾಪಸ್ ಬಂದು ಹೊಸ ಪಾಲಿಸಿ ಕೇಳಿದರೆ ಪ್ರೀಮಿಯಂ ಜಾಸ್ತಿ. ಮೇಲಾಗಿ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಈ ಮಿತಿ 4 ವರ್ಷ ಇದ್ದದ್ದನ್ನು ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ 3ಕ್ಕೆ ಇಳಿಸಿತು. ಹೋಗುವ ಮೊದಲೇ ಪಾಲಿಸಿ ಮಾಡಿಸಿದರೆ ನೀವು ದುಬೈನಲ್ಲಿ ದುಡಿಯುತ್ತಿರುವಾಗಲೇ ಆ ಕಾಯುವ ಅವಧಿ ಇಲ್ಲಿ ಕರಗುತ್ತಿರುತ್ತದೆ. ಇರುವ ಕಾಯಿಲೆ ಮುಚ್ಚಿಡಬೇಡಿ. ‘ಬರೀಬ್ಯಾಡ್ರಿ, ಪ್ರೀಮಿಯಂ ಜಾಸ್ತಿ ಆಕ್ಕೈತಿ’ ಅನ್ನುವ ಏಜೆಂಟ್ ಕ್ಲೇಮ್ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಇನ್ನೂ ಒಂದು ಕಾರಣ ಇದೆ. ನಮ್ಮವರು ಹರ್ನಿಯಾ, ಕಿಡ್ನಿ ಕಲ್ಲು, ಮೊಣಕಾಲು ನೋವು ಎಲ್ಲವನ್ನೂ ‘ರಜಾಕ್ಕ ಹೋದಾಗ ಹುಬ್ಬಳ್ಳ್ಯಾಗ ತೋರಿಸಿದ್ರಾತು’ ಅಂತ ಮುಂದಕ್ಕೆ ಹಾಕುತ್ತಾರೆ. ಅಲ್ಲಿನ ಮೂಲ ಪ್ಲಾನ್ ಸಾಮಾನ್ಯವಾಗಿ ಇಲ್ಲಿನ ಆಪರೇಷನ್‌ಗೆ ದುಡ್ಡು ಕೊಡುವುದಿಲ್ಲ. ರಜೆಯ ಆಪರೇಷನ್ ನಿಮ್ಮ ಲೆಕ್ಕದಲ್ಲಿದ್ದರೆ ಊರಿನ ಪಾಲಿಸಿ ಬೇಕೇ ಬೇಕು.

ಮನೆಯಲ್ಲಿರುವ ಅಪ್ಪ, ಅವ್ವ, ಹೆಂಡತಿ, ಮಕ್ಕಳಿಗೂ ಅದೇ ಆಧಾರ. ವೈಯಕ್ತಿಕ ಮತ್ತು ಫ್ಯಾಮಿಲಿ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಹೊರಗಿನ ದುಡ್ಡು ಬರಲು ಶುರುವಾದ ಮೇಲೂ ಬಿಪಿಎಲ್ ಕಾರ್ಡ್ ಉಳಿಯುತ್ತದೆ ಅಂತ ನಂಬಿಕೊಂಡು ಕೂಡಬೇಡಿ.

ಪ್ರೀಮಿಯಂ ಕಟ್ಟುವ ಖಾತೆಯನ್ನೂ ನೋಡಿಕೊಳ್ಳಿ. ನೀವು ಎನ್‌ಆರ್‌ಐ ಆದ ಮೇಲೆ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಬೇಕು. ಆಗ ಹಳೆಯ ಆಟೋ ಡೆಬಿಟ್ ನಿಂತುಹೋಗಬಹುದು. ಪ್ರೀಮಿಯಂ ಹೋಗಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಪಾಲಿಸಿ ಸತ್ತಿರುತ್ತದೆ, ಮೂರು ವರ್ಷ ಕಾದದ್ದೆಲ್ಲ ನೀರುಪಾಲು. ವಿದೇಶದಲ್ಲಿದ್ದೇನೆ ಅಂತ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಮೊಬೈಲ್ ನಂಬರ್ ಬದಲಾಯಿಸಿಕೊಳ್ಳಿ.

ಪಾಸ್‌ಪೋರ್ಟಿನಲ್ಲಿ ಇಸಿಆರ್ ಇದ್ದರೆ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ ‘ವಲಸೆಗೆ ಅನುಮತಿ ಬೇಕು’ ಅನ್ನುವ ಗುರುತು ಇರುತ್ತದೆ. ಇಂಥವರು ಗಲ್ಫಿಗೆ ಕೆಲಸಕ್ಕೆ ಹೋಗಬೇಕಾದರೆ ಇ-ಮೈಗ್ರೇಟ್ (ಕೇಂದ್ರ ಸರ್ಕಾರದ ವಲಸೆ ಪೋರ್ಟಲ್) ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ ಇರುವ ಯೋಜನೆ ಇದು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಆಸ್ಪತ್ರೆ ಖರ್ಚಿನ ಭಾಗ ಮಾತ್ರ ಸಣ್ಣದು, ಅದನ್ನೇ ಹೆಲ್ತ್ ಇನ್ಶೂರೆನ್ಸ್ ಅಂದುಕೊಳ್ಳಬೇಡಿ. ಪಾಲಿಸಿಯ ಪ್ರತಿ ಮನೆಯಲ್ಲಿರಲಿ. ಅಪಘಾತವಾದಾಗ ಕ್ಲೇಮ್‌ಗೆ ಓಡಾಡಬೇಕಾದವರು ಮನೆಯವರೇ.

ಕೆಲಸ ಬಿಡುವಾಗ

ವೀಸಾ ರದ್ದಾಗುವ ಮೊದಲೇ ಬಾಕಿ ಇರುವ ಟೆಸ್ಟ್, ಸ್ಕ್ಯಾನ್ ಮುಗಿಸಿಕೊಳ್ಳಿ. ಡಿಸ್‌ಚಾರ್ಜ್ ಸಮರಿ, ಲ್ಯಾಬ್ ರಿಪೋರ್ಟ್, ಔಷಧದ ಚೀಟಿ ಎಲ್ಲದರ ಇಂಗ್ಲಿಷ್ ಪ್ರತಿ ಆಸ್ಪತ್ರೆಯಿಂದಲೇ ಕೇಳಿ ತನ್ನಿ. ಕಾಯಿಲೆ ಯಾವಾಗಿನಿಂದ ಇದೆ ಅಂತ ಊರಿನ ಇನ್ಶೂರೆನ್ಸ್ ಕಂಪನಿ ಕೇಳಿದಾಗ ತೋರಿಸಲು ಬೇಕಾಗುವುದು ಅವೇ.