ಎಸಿಯ ಹೊರಗಿನ ಯೂನಿಟ್ ಸದ್ದು ಮಾಡ್ತಿದೆಯಾ? ಸ್ಪ್ಯಾನರ್ ಆಮೇಲೆ, ಮೊದಲು ಕಿವಿಗೊಡಿ

ಔಟ್‌ಡೋರ್ ಯೂನಿಟ್ ಗಡಗಡ ಅಂದ ಕೂಡಲೇ ಕಂಡಕಂಡ ಸ್ಕ್ರೂಗಳನ್ನೆಲ್ಲ ಬಿಗಿ ಮಾಡುವವರೇ ಜಾಸ್ತಿ. ಸ್ಕ್ರೂ ಥ್ರೆಡ್ ಹಾಳಾಗುತ್ತದೆ, ಸದ್ದು ಮಾತ್ರ ಹಾಗೇ ಇರುತ್ತದೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದೇ ಇಲ್ಲಿ ಮುಕ್ಕಾಲು ಕೆಲಸ. ಯೂನಿಟ್ ಎತ್ತರದ ಗೋಡೆಯಲ್ಲಿದ್ದರೆ ಕಿಟಕಿಯಿಂದ ಬಗ್ಗುವ ಸಾಹಸ ಬೇಡ, ಮೆಕ್ಯಾನಿಕ್‌ನನ್ನು ಕರೆಸಿ.

1. ಎಸಿ ಓಡುತ್ತಿರುವಾಗಲೇ ಹುಡುಕಿ. ಫ್ಯಾನಿನ ಜಾಲರಿಯಿಂದ ಬೆರಳು ದೂರ ಇರಲಿ. ಮೇಲಿನ ಮುಚ್ಚಳ, ಪಕ್ಕದ ತಗಡುಗಳನ್ನು ಒಂದೊಂದಾಗಿ ಅಂಗೈಯಿಂದ ಮೆಲ್ಲಗೆ ಒತ್ತಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿನ ಸ್ಕ್ರೂ ಸಡಿಲವಾಗಿದೆ. ಎಲ್ಲಿ ಒತ್ತಿದರೂ ನಿಲ್ಲಲಿಲ್ಲವಾ? ತಾಮ್ರದ ಪೈಪುಗಳು ಒಂದಕ್ಕೊಂದು ಅಥವಾ ತಗಡಿಗೆ ತಾಗುತ್ತಿವೆಯಾ ನೋಡಿ. ಇದನ್ನು ಸುಮ್ನೆ ಬಿಡಬಾರದು, ಉಜ್ಜಿ ಉಜ್ಜಿ ಪೈಪ್ ತೂತಾದರೆ ಗ್ಯಾಸೆಲ್ಲ ಹೋಗುತ್ತದೆ. ಹೊರಗೆ ಸದ್ದಿಲ್ಲ, ಕೋಣೆಯೊಳಗೆ ಮಾತ್ರ ಗುಂಯ್ ಅನ್ನುತ್ತಿದ್ದರೆ ಅದು ಸ್ಟ್ಯಾಂಡಿನ ಮೂಲಕ ಗೋಡೆಗೆ ಇಳಿಯುತ್ತಿರುವ ನಡುಕ.

2. ಎಸಿಗೆ ಕರೆಂಟ್ ಕೊಡುವ ಎಂಸಿಬಿ (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಆಫ್ ಮಾಡಿ, ಹತ್ತು ನಿಮಿಷ ಬಿಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು.

3. ಸಡಿಲ ಸ್ಕ್ರೂ ಬಿಗಿ ಮಾಡಿ. ಎಲೆ, ಕಡ್ಡಿ ತೆಗೆಯಿರಿ. ಪೈಪನ್ನು ಬಗ್ಗಿಸಬೇಡಿ, ನಡುವೆ ಇನ್ಸುಲೇಷನ್ ಫೋಮ್ ಸಿಕ್ಕಿಸಿ ಕಟ್ಟಿ.

4. ಯೂನಿಟ್ ಕಾಲಿನ ಕೆಳಗೆ ನಡುಕ ತಡೆಯಲು ಇಟ್ಟ ರಬ್ಬರ್ ಬಿಸಿಲಿಗೆ ಕಲ್ಲಿನಂತಾಗಿದ್ದರೆ ಬದಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಬೋಲ್ಟನ್ನು ಪೂರ್ತಿ ತಿರುಗಿಸಿ ರಬ್ಬರನ್ನು ಚಪ್ಪಟೆ ಮಾಡಿಬಿಡುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ರಬ್ಬರ್ ಸ್ವಲ್ಪ ಅದುಮಿದರೆ ಸಾಕು.

5. ಫ್ಯಾನ್ ರೆಕ್ಕೆ ಬಿರುಕು ಬಿಟ್ಟಿದ್ದರೆ ಅಂಟು ಹಾಕಬೇಡಿ, ಹೊಸದು ಹಾಕಿಸಿ. ಮೋಟರ್ ಕಿರ್ರೆನ್ನುತ್ತಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಎಣ್ಣೆ ಸ್ಪ್ರೇ ಹೊಡೆದು ಗೆದ್ದೆ ಅನ್ನಬೇಡಿ. ಸೀಲ್ ಆದ ಬೇರಿಂಗ್ ಒಳಗೆ ಆ ಎಣ್ಣೆ ಸರಿಯಾಗಿ ಇಳಿಯುವುದೇ ಇಲ್ಲ.

ಸದ್ದು ಅಡಗಿಸುತ್ತೇವೆ ಎಂದು ಸುತ್ತ ಹೊದಿಸುವ ಕವರ್‌ಗಳನ್ನು ಮಾರುತ್ತಾರಲ್ಲ, ಅವನ್ನಂತೂ ಕೊಳ್ಳಲೇಬೇಡಿ. ಬಿಸಿಗಾಳಿ ಹೊರಹೋಗಲು ಜಾಗವಿಲ್ಲದೆ ಕಂಪ್ರೆಸರ್ ವಿಪರೀತ ಬಿಸಿಯಾಗುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ.

ಫ್ಯಾನ್ ತಿರುಗದೆ ಬರೀ ಝೇಂಕಾರ ಕೇಳಿದರೆ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಕೆಟ್ಟಿರಬಹುದು. ಕೂಡಲೇ ಆಫ್ ಮಾಡಿ, ಮೆಕ್ಯಾನಿಕ್‌ಗೆ ಬಿಡಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಕೊಡಬಲ್ಲದು. ಎಸಿ ನಿಂತಾಗ ಸ್ವಲ್ಪ ಹೊತ್ತು ಬರುವ ಬುಸ್ಸೆನ್ನುವ ಸದ್ದಿಗೆ, ಇನ್ವರ್ಟರ್ ಎಸಿಯ ಏರಿಳಿಯುವ ದನಿಗೆ ಯಾರನ್ನೂ ಕರೆಸಬೇಕಿಲ್ಲ.