ಒಂದೇ ಬ್ರೂವರಿಯ ಬಿಯರ್‌ಗೆ ಅಂಟಿಕೊಂಡವರು ಒಂದು ಸಲ ಹೀಗೆ ಕುಡಿದು ನೋಡಿ

ನನ್ನ ತಮ್ಮನ ಮಗ ಅಮೆರಿಕದ ಸ್ಯಾಕ್ರಮೆಂಟೊದಲ್ಲಿದ್ದಾನೆ. ಊರಿಗೆ ಬಂದಾಗಲೆಲ್ಲ ಅದೇ ಹಸಿರು ಟೀ ಶರ್ಟು, ಎದೆ ಮೇಲೆ ಸಿಯೆರಾ ನೆವಾಡಾ ಅಂತ ಬರಹ. ಅವನ ಮನೆಯಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿಯಲ್ಲಿ ಚಿಕೊ ಅನ್ನುವ ಪಟ್ಟಣವಿದೆ. ಅಲ್ಲಿನ ಬಿಯರ್ ಕಂಪನಿ ಅದು. "ಅತ್ತೆ, ಅವರದ್ದು ಯಾವುದು ಕೊಟ್ರೂ ಕಣ್ಣು ಮುಚ್ಚಿ ಕುಡೀತೀನಿ" ಅನ್ನುತ್ತಿದ್ದ. ಕಳೆದ ಫೆಬ್ರವರಿಯಲ್ಲಿ ನಾನು ನಿಜವಾಗಿಯೂ ಕಣ್ಣು ಮುಚ್ಚಿಸಿ ಕುಡಿಸಿದೆ.

ಅವನನ್ನು ನೋಡಿ ನಗುವ ಹಕ್ಕು ನನಗೇನೂ ಇಲ್ಲ. ಸುಂಟಿಕೊಪ್ಪದ ಹತ್ತಿರ ನಮ್ಮದೇ ಕಾಫಿ ತೋಟ ಇದೆ. ಆದರೂ ಇಪ್ಪತ್ತು ವರ್ಷದಿಂದ ಮನೆಗೆ ಪುಡಿ ಬರುವುದು ಮಡಿಕೇರಿಯ ಒಂದೇ ಅಂಗಡಿಯಿಂದ. ಕಪ್ಪಿಂಗ್ ಅಂದರೆ ಕಾಫಿಯ ರುಚಿ ನೋಡಿ ಅಳೆಯುವುದು. ಅದನ್ನು ಕಲಿಯಲು ಹೋದಾಗ ಹೆಸರು ಮುಚ್ಚಿಟ್ಟ ಐದು ಲೋಟಗಳಲ್ಲಿ ನನ್ನ ಅಂಗಡಿಯ ಪುಡಿಯೂ ಇತ್ತು. ನಾನು ಅದಕ್ಕೆ ಮೂರನೇ ಸ್ಥಾನ ಕೊಟ್ಟೆ! ಅವತ್ತಿನಿಂದ ಯಾರಾದರೂ ನನಗೆ ಇದೇ ಬ್ರಾಂಡ್ ಬೇಕು ಅಂದರೆ, ಒಂದು ಸಲ ಚೀಟಿ ಮುಚ್ಚಿ ನೋಡೋಣ ಅನಿಸುತ್ತದೆ. ಕಾಫಿಗೆ ಮಾಡುವುದನ್ನೇ ಬಿಯರ್‌ಗೂ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ಸಾಮಾನು. ವಿದೇಶದಿಂದ ಬರುವವರು ಸುಂಕ ಕಟ್ಟದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ಒಂದು ಕ್ಯಾನ್ 355 ಮಿಲಿ, ಅಂದರೆ ಐದು ಕ್ಯಾನ್. ಐದರಲ್ಲಿ ಕಂಪನಿಯ ಎಲ್ಲ ಬಿಯರ್ ತರಲು ಆಗುವುದಿಲ್ಲ. ಹಾಗಾಗಿ ಯಾವುದು ಹಳತು, ಯಾವುದು ಹೊಸತು ಅಂತ ನೋಡಿ ಆರಿಸಿ. ನಾನು ಹೇಳಿ ತರಿಸಿದ್ದು 1980ರ ಪೇಲ್ ಏಲ್ ಎರಡು, 1983ರ ಬಿಗ್‌ಫುಟ್ ಒಂದು, 2009ರ ಟಾರ್ಪಿಡೊ ಒಂದು, 2018ರ ಹೇಜಿ ಲಿಟಲ್ ಥಿಂಗ್ ಒಂದು. ಇವು ಆಯಾ ಬಿಯರ್ ಶುರುವಾದ ವರ್ಷಗಳು, ಕ್ಯಾನ್ ತುಂಬಿದ ವರ್ಷ ಅಲ್ಲ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಾಲುಚೀಲದೊಳಗೆ ತುರುಕಿ ತಂದಿದ್ದ. ಒಗೆದ ಕಾಲುಚೀಲವೇ, ಕೇಳಿದ್ದೇನೆ.

ಅಮೆರಿಕದಲ್ಲಿ ಯಾರೂ ಇಲ್ಲ ಅನ್ನುವವರು ಬೆಂಗಳೂರಿಗೆ ಹೋದಾಗ ತಾವೇ ಬಿಯರ್ ತಯಾರಿಸಿ ಕೊಡುವ ಇಂದಿರಾನಗರದ ಟಾಯ್ಟ್‌ನಂಥ ಪಬ್ಬಿನಲ್ಲಿ ಇದನ್ನೇ ಮಾಡಬಹುದು. 2010ರಿಂದ ಇದೆ, ನಮ್ಮ ಲೆಕ್ಕಕ್ಕೆ ಹಳೆಯದೇ. ಶನಿವಾರ ಮಾತ್ರ ಹೋಗಬೇಡಿ, ಆ ಗದ್ದಲದಲ್ಲಿ ನಾಲಿಗೆಯ ಮಾತು ಕೇಳಿಸುವುದಿಲ್ಲ.

ಕ್ಯಾನ್ ಕೈಗೆ ಬಂದ ಕೂಡಲೆ ತುಂಬಿದ ತಾರೀಕು ಹುಡುಕಿ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 03/07 ಅಂದರೆ ಜುಲೈ 3 ಅಲ್ಲ, ಮಾರ್ಚ್ 7. ಹಾಪ್ಸ್ ಅನ್ನುವುದು ನಮ್ಮ ಮೆಣಸಿನ ಬಳ್ಳಿಯ ಹಾಗೆ ಮೇಲಕ್ಕೆ ಹಬ್ಬುವ ಗಿಡ, ಬಿಯರ್‌ಗೆ ಹಾಕುವುದು ಅದರ ಹೂವನ್ನು. ಆ ಹೂವಿನ ಪರಿಮಳ ಕೆಲವೇ ತಿಂಗಳಲ್ಲಿ ಇಳಿದುಹೋಗುತ್ತದೆ. ಬಿಸಿ ತಾಗಿದರೆ ಇನ್ನೂ ಬೇಗ. ನಮ್ಮ ಕಡೆ ಜೂನ್ ಬಂದರೆ ಕರೆಂಟು ಎರಡು ದಿನ ಇರುವುದಿಲ್ಲ, ಫ್ರಿಜ್ ಸುಮ್ನೆ ಕಪಾಟು ಆಗುತ್ತದೆ. ಫೆಬ್ರವರಿಯಲ್ಲಿ ಬಂದದ್ದನ್ನು ಮಳೆಗಾಲಕ್ಕೆ ಎತ್ತಿಡಬೇಡಿ. ಹಿಂದಿನ ಸಲ ಅವನು ತಂದ ಒಂದು ಪೇಲ್ ಏಲನ್ನು ನಾನು ಸೌದೆ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಮರೆತಿದ್ದೆ. ವರ್ಷವಾದ ಮೇಲೆ ಸಿಕ್ಕಿತು. ಅದನ್ನು ಎಸೆಯಲಿಲ್ಲ, ಅದರ ಉಪಯೋಗ ಮುಂದೆ ಬರುತ್ತದೆ.

ಬಿಗ್‌ಫುಟ್ ಮಾತ್ರ ಬೇರೆ ಜಾತಿ. ಅದರಲ್ಲಿ ಮದ್ಯದ ಅಂಶ ಶೇಕಡಾ 9.6. ಪ್ರತಿ ವರ್ಷದ ತಯಾರಿಗೂ ಆ ವರ್ಷ ನಮೂದಿಸುತ್ತಾರೆ. ಅದು ಇಟ್ಟಷ್ಟೂ ಮಾಗುತ್ತದೆ. ಅದರ ಅಭಿಮಾನಿಗಳು ನಾಲ್ಕೈದು ವರ್ಷದ್ದನ್ನು ಕೂಡಿಟ್ಟು ಒಟ್ಟಿಗೆ ತೆಗೆಯುತ್ತಾರಂತೆ. ನಮ್ಮ ಮನೆ ವೈನ್ ಭರಣಿಗಳ ಮೇಲೆ ನಾನು ಇಸವಿ ಬರೆದು ಅಂಟಿಸುವುದೂ ಇದೇ ಕಾರಣಕ್ಕೆ.

ಕುಡಿಯುವ ಜಾಗ ನೋಡಿಕೊಳ್ಳಿ. ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿಯ ಕುಯ್ಲು, ಕಣದಲ್ಲಿ ಅದರ ಹಣ್ಣು ಒಣಗುತ್ತಿರುತ್ತದೆ. ಆ ಹುಳಿ ವಾಸನೆಯ ಗಾಳಿಯಲ್ಲಿ ಮೂಗಿಗೆ ಬೇರೇನೂ ಹತ್ತುವುದಿಲ್ಲ. ನಾವು ಹಿಂದಿನ ಜಗಲಿಯಲ್ಲಿ ಕೂತೆವು. ಅಗರಬತ್ತಿ, ಸೆಂಟು, ಸಿಗರೇಟು ಇವ್ಯಾವುದೂ ಬೇಡ. ಗ್ಲಾಸನ್ನು ಅಡುಗೆ ಸೋಡಾದಲ್ಲಿ ಉಜ್ಜಿ, ಚೆನ್ನಾಗಿ ಜಾಲಿಸಿ, ಬೋರಲು ಹಾಕಿ ತಾನಾಗಿ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಅಡುಗೆಮನೆಯ ಜಿಡ್ಡು ಮತ್ತೆ ಹತ್ತುತ್ತದೆ. ಬಿಯರ್ ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ಕೂತಿದ್ದರೆ ಗ್ಲಾಸು ಇನ್ನೂ ಕೊಳಕು ಅಂತಲೇ ಅರ್ಥ.

ತೀರಾ ತಣ್ಣಗೆ ಕುಡಿಯಬೇಡಿ, ನಾಲಿಗೆ ಮರಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ. ಬಿಗ್‌ಫುಟ್‌ಗೆ ಅರ್ಧ ಗಂಟೆ ಬೇಕು.

ನಾಲ್ಕು ಜನಕ್ಕೆ ಲೆಕ್ಕ ಹೀಗೆ. ಮೊದಲ ಸುತ್ತಿಗೆ ತಲಾ 60 ಮಿಲಿ, ಎರಡನೇ ಸುತ್ತಿಗೆ ತಲಾ 25. ಒಟ್ಟು 340. ಮಿಕ್ಕ 15 ನೊರೆಗೆ ಹೋಯಿತು ಅಂದುಕೊಳ್ಳಿ. ನಾವು ನಾಲ್ವರೆಂದರೆ ನಾನು, ತಮ್ಮನ ಮಗ, ನನ್ನೊಬ್ಬ ಗೆಳತಿ, ಮತ್ತೆ ನಮ್ಮ ಭಾವ. ಭಾವ ಸುಬೇದಾರ್ ಆಗಿ ನಿವೃತ್ತಿಯಾದವರು, ಕ್ಯಾಂಟೀನ್ ರಮ್ ಬಿಟ್ಟು ಬೇರೆ ಮುಟ್ಟದವರು. ನಮ್ಮವರಿಗೆ ಶುಗರ್, ಹಾಗಾಗಿ ಸುರಿಯುವ ಕೆಲಸ ಅವರದ್ದು. ಇಂಥ ಒಬ್ಬರು ಬೇಕೇ ಬೇಕು. ನಮ್ಮ ತಿರುವು ರಸ್ತೆಗಳಲ್ಲಿ ಕುಡಿದು ಗಾಡಿ ಓಡಿಸುವ ಮಾತೇ ಇಲ್ಲ, ಎಲ್ಲರಿಗೂ ಹಾಸಿಗೆ ಹಾಕಿಸಿದ್ದೆ.

ಮೊದಲ ಸುತ್ತು ಹೆಸರು ಹೇಳಿಯೇ ಕುಡಿಯಿರಿ. ಮೆದುವಿನಿಂದ ಗಟ್ಟಿಯ ಕಡೆಗೆ ಹೋಗಿ: ಪೇಲ್ ಏಲ್, ಹೇಜಿ, ಟಾರ್ಪಿಡೊ, ಕೊನೆಗೆ ಬಿಗ್‌ಫುಟ್. ಹಿಂದೊಮ್ಮೆ ನಾನು ಉತ್ಸಾಹದಲ್ಲಿ ಬಿಗ್‌ಫುಟ್ ಮೊದಲು ತೆಗೆದಿದ್ದೆ. ಆಮೇಲೆ ಪೇಲ್ ಏಲ್ ನೀರಿನ ಹಾಗಿತ್ತು. ಕಹಿಯನ್ನು ಅಳೆಯಲು ಐಬಿಯು ಅಂತ ಒಂದು ಲೆಕ್ಕ ಇದೆ. ಪೇಲ್ ಏಲ್‌ಗೆ 38, ಬಿಗ್‌ಫುಟ್‌ಗೆ 90. ಇಳಿದು ಬರಲು ನಾಲಿಗೆಗೆ ಆಗುವುದಿಲ್ಲ.

ಪೇಲ್ ಏಲ್ ಸುರಿದ ತಕ್ಷಣ ಮೂಗು ಹತ್ತಿರ ತನ್ನಿ. ಚಕ್ಕೋತದ ಸಿಪ್ಪೆ ಮಡಿಸಿದಾಗ ಚಿಮ್ಮುತ್ತದಲ್ಲ, ಆ ವಾಸನೆ. ಅದರ ಹಿಂದೆ ರಾಳದ ಧೂಪದಂಥದ್ದು ಸ್ವಲ್ಪ. ಇದು ಕ್ಯಾಸ್ಕೇಡ್ ಅನ್ನುವ ಹಾಪ್ಸ್ ತಳಿಯ ಗುಣ. 1972ರಲ್ಲಿ ಬಿಡುಗಡೆಯಾದ ತಳಿ ಅದು. ಆ ಕಾಲದ ಅಮೆರಿಕದಲ್ಲಿ ಅಂಗಡಿ ತುಂಬ ಲಾಗರ್ ಅನ್ನುವ ಒಂದೇ ಥರದ ತೆಳು ಬಿಯರ್. ಕೆನ್ ಗ್ರಾಸ್‌ಮನ್ ಎಂಬಾತ 1976ರಲ್ಲಿ ಚಿಕೊದಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಇಟ್ಟಿದ್ದರು. ಆಮೇಲೆ ಪಾಲ್ ಕಮೂಸಿ ಜೊತೆ ಸೇರಿ, ಹಾಲಿನ ಡೈರಿಯ ಹಳೆ ಪಾತ್ರೆಗಳನ್ನು ಗುಜರಿಯಿಂದ ತಂದು ಸಿಯೆರಾ ನೆವಾಡಾ ಬ್ರೂವರಿ ಕಟ್ಟಿದರು. ಪೇಲ್ ಏಲ್ ಪ್ರತಿ ಸಲ ಒಂದೇ ರುಚಿ ಬರುವ ತನಕ ಬ್ಯಾಚ್ ಮೇಲೆ ಬ್ಯಾಚ್ ಚೆಲ್ಲಿದರು. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಚೆಲ್ಲಿದ ಭಾಗ. ಹೊಸ ರುಚಿ ಯಾರಾದರೂ ಒಂದು ಸಲ ಮಾಡಬಹುದು. ಮುಂದಿನ ತಿಂಗಳೂ ಅದೇ ರುಚಿ ಕೊಡುವುದು ಕಷ್ಟ. ಮಡಿಕೇರಿಯ ಆ ಅಂಗಡಿಗೆ ನಾನು ಮತ್ತೆ ಮತ್ತೆ ಹೋಗುವುದೂ ಅದಕ್ಕೇ ಅಲ್ವಾ?

ಭಾವ ಒಂದು ಗುಟುಕು ಕುಡಿದು, "ಇದು ಬಿಯರಲ್ಲಮ್ಮ, ಕಷಾಯ" ಅಂದರು.

ಊಟದ ವಿಷಯ. ಪಂದಿ ಕರಿ ಒಲೆ ಮೇಲಿದ್ದರೂ ಮುಟ್ಟಬೇಡಿ, ರುಚಿ ನೋಡುವುದು ಮುಗಿಯಲಿ. ಹಾಪ್ಸಿನ ಕಹಿ ಖಾರವನ್ನು ಎತ್ತಿ ಕಟ್ಟುತ್ತದೆ, ಖಾರದ ಬಾಯಿಗೆ ಟಾರ್ಪಿಡೊ ಬಿದ್ದರೆ ಕಿವಿಯಲ್ಲಿ ಹೊಗೆ. ನಡುನಡುವೆ ಬಾಯಿ ತೊಳೆಯಲು ನೀರು, ಉಪ್ಪಿಲ್ಲದ ಒಂದು ತುಂಡು ಅಕ್ಕಿ ರೊಟ್ಟಿ ಸಾಕು.

ಈಗ ಎರಡನೇ ಸುತ್ತು. ಅರ್ಧ ಗಂಟೆ ಬಿಟ್ಟು, ಗಾಜನ್ನು ಒಳಗಿಟ್ಟು ಸ್ಟೀಲ್ ಲೋಟ ತನ್ನಿ. ಹೇಜಿ ಅಂದರೆ ಸೋಸದ ಬಿಯರ್. ಗಾಜಿನಲ್ಲಿ ಮಸುಕು ಕಂಡರೆ ಗುಟ್ಟು ಬಿಟ್ಟುಹೋಗುತ್ತದೆ. ಲೋಟದಲ್ಲಿ ಬಿಯರ್ ಬಣ್ಣ ಕಾಣದಿರಲು ಸಂಜೆ ದೀಪ ಸಣ್ಣದು ಮಾಡಿ, ಇಲ್ಲವೇ ಕಣ್ಣಿಗೆ ಟವೆಲ್ ಕಟ್ಟಿ. ಸುರಿಯುವವರು ಅಡುಗೆಮನೆಯಲ್ಲೇ ಸುರಿದು, ಲೋಟದ ತಳಕ್ಕೆ ಚೀಟಿ ಅಂಟಿಸಿ, ಮುಖದಲ್ಲಿ ಏನೂ ತೋರಿಸದೆ ತಂದಿಡಬೇಕು. ನಮ್ಮವರಿಗೆ ಆ ಮುಖ ಹುಟ್ಟಿನಿಂದಲೇ ಬಂದಿದೆ. ಬಿಗ್‌ಫುಟ್ ಇಲ್ಲೂ ಕೊನೆಯಲ್ಲೇ ಇರಲಿ, ಉಳಿದ ಮೂರರ ಸರದಿಯನ್ನು ಅದಲು ಬದಲು ಮಾಡಿ. ಯಾರೂ ಮಾತಾಡದೆ ಬರೆದುಕೊಳ್ಳಬೇಕು. ಒಬ್ಬರು ಬಾಯಿ ಬಿಟ್ಟು "ಆಹಾ" ಅಂದರೆ ಉಳಿದವರ ನಾಲಿಗೆಯೂ ಅತ್ತ ವಾಲುತ್ತದೆ.

ಚೀಟಿ ತೆಗೆದಾಗ ತಮ್ಮನ ಮಗ ಹೇಜಿಗೆ ಕೊನೆಯ ಸ್ಥಾನ ಕೊಟ್ಟಿದ್ದ. ಟಾರ್ಪಿಡೊಗೆ ಮೂರನೆಯದು. ಪೇಲ್ ಏಲ್ ಮೊದಲು. "ಎಲ್ಲವೂ ಇಷ್ಟ" ಅಂದವನ ಇಷ್ಟ ನಿಂತಿದ್ದು ಒಂದೇ ಬಿಯರ್ ಮೇಲೆ, ಮಿಕ್ಕವು ಅದರ ಹೆಸರಲ್ಲಿ ಮನೆಗೆ ಬರುತ್ತಿದ್ದವು. ನಿಮಗೂ ಹೀಗೇ ಆಗುವ ಸಂಭವ ಜಾಸ್ತಿ. ಭಾವ ಬಿಗ್‌ಫುಟ್‌ಗೆ ಮೊದಲ ಸ್ಥಾನ ಕೊಟ್ಟು, "ಇದಕ್ಕೆ ಸ್ವಲ್ಪ ರಮ್ಮಿನ ಬುದ್ಧಿ ಇದೆ" ಅಂದರು.

ಮೂರನೇ ಪರೀಕ್ಷೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ, ಒಂದೇ ರಾತ್ರಿ ಎಲ್ಲ ಮಾಡಲು ಹೋಗಬೇಡಿ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗಿಬಿಡುತ್ತದೆ, ಹಾಗಾಗಿ ಮೂರು ಸುತ್ತು ಮಾಡಿ. ಲೋಟಕ್ಕೆ 30 ಮಿಲಿ. ಇಲ್ಲಿ ನನ್ನ ಅಟ್ಟದ ಹಳೆ ಪೇಲ್ ಏಲ್ ಕೆಲಸಕ್ಕೆ ಬಂತು. ಅದನ್ನೂ ಹೊಸ ಪೇಲ್ ಏಲನ್ನೂ ಎದುರು ಬದುರು ಇಟ್ಟೆವು. ಹಳತರಲ್ಲಿ ಚಕ್ಕೋತ ಸತ್ತುಹೋಗಿತ್ತು. ಮಳೆಗೆ ನೆಂದ ರಟ್ಟಿನ ಪೆಟ್ಟಿಗೆಯ ವಾಸನೆ, ಜೊತೆಗೆ ಒಂಥರಾ ಸಿಹಿ. ಕಷಾಯ ಅಂದ ಭಾವ ಮೂರಕ್ಕೆ ಮೂರೂ ಸರಿ ಹೇಳಿದರು. ಟೀ ಶರ್ಟಿನವನು ಹೇಳಿದ್ದು ಒಂದು. ಜೆಟ್‌ಲ್ಯಾಗ್ ಅಂದ. ಬಂದು ಒಂಬತ್ತು ದಿನ ಆಗಿತ್ತು.

ಅವನನ್ನು ಇನ್ನೂ ಕಾಡಬೇಕು ಅಂತಿದ್ದೆ. ಅಷ್ಟರಲ್ಲಿ ಅವನು ಬೇರೆ ಮಾತು ತೆಗೆದ. 2018ರ ನವೆಂಬರ್ 8ರಂದು ಚಿಕೊ ಪಕ್ಕದ ಪ್ಯಾರಡೈಸ್ ಅನ್ನುವ ಊರು ಕಾಡ್ಗಿಚ್ಚಿಗೆ ಸುಟ್ಟುಹೋಯಿತು. ಸಿಯೆರಾ ನೆವಾಡಾದವರು ರೆಸಿಲಿಯನ್ಸ್ ಅಂತ ಒಂದು ಬಿಯರ್ ಮಾಡಿ, ಅದನ್ನು ಮಾಡುವ ವಿಧಾನವನ್ನು ಬೇರೆ ಬ್ರೂವರಿಗಳಿಗೂ ಕೊಟ್ಟರು. ಸಾವಿರಕ್ಕೂ ಮಿಕ್ಕಿ ಬ್ರೂವರಿಗಳು ಅದನ್ನು ಮಾಡಿ ಮಾರಿ, ಬಂದ ಹಣವನ್ನು ಸಂತ್ರಸ್ತರಿಗೆ ಕೊಟ್ಟವು. ಟೀ ಶರ್ಟು ಆಗ ಕೊಂಡದ್ದಂತೆ. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದ್ದವು. ಆಗ ಅಕ್ಕಿ, ಕಂಬಳಿ ಕಳಿಸಿದ ಅಂಗಡಿಗಳು ಯಾವುವು ಅಂತ ನನಗೆ ಈಗಲೂ ನೆನಪಿದೆ. ಅಲ್ಲಿ ಬೆಲೆ ಎರಡು ರೂಪಾಯಿ ಜಾಸ್ತಿ ಇದ್ದರೂ ಹೋಗುತ್ತೇನೆ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಒಂದರಲ್ಲಿ ನಾಲಿಗೆ ಹೇಳಿದ್ದು, ಇನ್ನೊಂದರಲ್ಲಿ ಬೇರೆ ಕಾರಣಕ್ಕೆ ಬಿಡಲಾಗದ್ದು. ಎರಡನ್ನೂ ಕಲಸಬೇಡಿ, ಅಷ್ಟೇ. ನಾಲಿಗೆಯ ಕಾಲಂನಲ್ಲಿ ಇರುವುದನ್ನು ತಾರೀಕು ನೋಡಿ ತಾಜಾ ಕೊಳ್ಳಿ. ಕಂಪನಿ ತಿಂಗಳಿಗೊಂದು ಹೊಸ ಹೆಸರು ಬಿಟ್ಟರೆ ಎಲ್ಲವನ್ನೂ ಹೊತ್ತು ತರಬೇಕಾಗಿಲ್ಲ. ತಮ್ಮನ ಮಗನಿಗೆ ಮುಂದಿನ ಸಲಕ್ಕೆ ಹೇಳಿದ್ದೇನೆ, ನಾಲ್ಕು ಪೇಲ್ ಏಲ್, ಒಂದು ಬಿಗ್‌ಫುಟ್. ಬಿಗ್‌ಫುಟ್ ಭಾವನಿಗೆ. ಅದನ್ನು ಎರಡು ವರ್ಷ ಇಟ್ಟು ಕುಡಿಯೋಣ ಅಂದೆ. "ನನ್ನ ವಯಸ್ಸಿಗೆ ಅಷ್ಟು ಪುರುಸೊತ್ತಿಲ್ಲ" ಅಂದರು.

ಅಟ್ಟದ ಕ್ಯಾನಿನಲ್ಲಿ ಉಳಿದದ್ದನ್ನು ಚೆಲ್ಲಬೇಡಿ. ತೆಂಗಿನ ಚಿಪ್ಪಿಗೆ ಹಾಕಿ, ಚಿಪ್ಪಿನ ಬಾಯಿ ಮಣ್ಣಿಗೆ ಸಮ ಬರುವಂತೆ ಬೀನ್ಸ್ ಗಿಡದ ಪಕ್ಕ ಹುಗಿದಿಡಿ. ಬೆಳಿಗ್ಗೆ ನೋಡಿದಾಗ ನಮ್ಮ ಚಿಪ್ಪಿನಲ್ಲಿ ಹನ್ನೊಂದು ಬಸವನ ಹುಳು ಇದ್ದವು. ರಟ್ಟಿನ ವಾಸನೆ ಅವಕ್ಕೆ ಅಡ್ಡಿಯಾಗಿರಲಿಲ್ಲ.